ಹಳೇ ಫಿಲ್ಮ್ ತಂದಿದ್ದೀರಾ?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರು ಎರಡನೇ ಸಲ ಸ್ಕ್ಯಾನ್‌ಗೆ ಹೋದಾಗ ಈ ಪ್ರಶ್ನೆ ಎದುರಾಗದೆ ಇರುವುದಿಲ್ಲ. ಕಂಕುಳಲ್ಲಿ ಅವುಚಿಕೊಂಡು ತಂದ ದೊಡ್ಡ ಕವರಿನಿಂದ ಹಳೆಯ ಎಂಆರ್‌ಐ ಹಾಳೆಗಳು ಹೊರಬರುತ್ತವೆ. ವೈದ್ಯರು ಅವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಪಕ್ಕದಲ್ಲಿ ಹೊಸದನ್ನಿಟ್ಟು, ಕಣ್ಣನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಓಡಿಸುತ್ತಾರೆ. ಹುಡುಕಾಟವೆಲ್ಲ ನಾಲ್ಕೈದು ಮಿಲಿಮೀಟರಿನ ಒಂದು ಬಿಳಿ ಚುಕ್ಕೆಗಾಗಿ. ಅಂದು ಇಲ್ಲದ್ದು ಇಂದು ಕಂಡರೆ, ಔಷಧಿಯನ್ನೇ ಬದಲಿಸಬೇಕಾಗಬಹುದು.

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮೈಲಿನ್ ಹೊದಿಕೆಯ ಮೇಲೆ ತಿರುಗಿಬೀಳುತ್ತದೆ. ಹೊದಿಕೆ ಕಳಚಿದಲ್ಲಿ ಕಲೆ ಉಳಿಯುತ್ತದೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ, ರೋಗಿ ಬದುಕಿದ್ದಾಗಿನ ಲಕ್ಷಣಗಳನ್ನು ಸತ್ತ ಮೇಲೆ ಮಿದುಳಿನಲ್ಲಿ ಕಂಡ ಕಲೆಗಳಿಗೆ ಹೊಂದಿಸಿ ನೋಡಿದ. 1916ರಲ್ಲಿ ಎಡಿನ್‌ಬರೊದ ಜೇಮ್ಸ್ ಡಾಸನ್, ಈ ಕಲೆಗಳು ಪುಟ್ಟ ಅಭಿಧಮನಿಗಳ ಗುಂಟ ಬೆರಳುಗಳಂತೆ ಚಾಚಿಕೊಳ್ಳುವುದನ್ನು ಸೂಕ್ಷ್ಮದರ್ಶಕದಡಿ ಗುರುತಿಸಿದ. ಆದರೆ ಯಾವ ಕಲೆ ಯಾವಾಗ ಹುಟ್ಟಿತು, ಎಷ್ಟು ದಿನ ಉರಿಯಿತು, ಯಾವುದು ತಾನಾಗಿ ಕುಗ್ಗಿತು ಎಂಬುದನ್ನು ಸತ್ತ ಮಿದುಳಿನಿಂದ ತಿಳಿಯುವಂತಿರಲಿಲ್ಲ.

1970ರ ದಶಕದ ಸಿಟಿ ಸ್ಕ್ಯಾನ್ ಬದುಕಿರುವವರ ಮಿದುಳನ್ನು ತೋರಿಸಿತು, ನಿಜ. ಎಂಎಸ್ ಕಲೆಗಳ ಮಟ್ಟಿಗೆ ಅದರ ಕಣ್ಣು ಮಂದವಾಗಿತ್ತು. ಎಷ್ಟು ಮಂದ ಎಂಬುದು ತಿಳಿದದ್ದು 1981ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ. ಇಯಾನ್ ಯಂಗ್ ಮತ್ತು ಸಂಗಡಿಗರು ಹತ್ತು ರೋಗಿಗಳನ್ನು ಎರಡೂ ಯಂತ್ರಗಳಲ್ಲಿ ಪರೀಕ್ಷಿಸಿದರು. ಸಿಟಿಯಲ್ಲಿ ಸಿಕ್ಕಿದ್ದು 19 ಕಲೆ. ಆಗಿನ್ನೂ ಹೊಸದಾಗಿದ್ದ ಎಂಆರ್ ಚಿತ್ರಣದಲ್ಲಿ ಅವುಗಳ ಜೊತೆಗೆ ಇನ್ನೂ 112. ಈ ಕ್ಷೇತ್ರದ ಇತಿಹಾಸದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಲೆಕ್ಕ ಇನ್ನೊಂದಿಲ್ಲ.

ಒಂದೇ ಸ್ಕ್ಯಾನ್ ಹೇಳುವ ಕತೆ ಮಾತ್ರ ಅರ್ಧದ್ದು. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ನೀರಿನ ಅಂಶ ಹೆಚ್ಚಿದ ಜಾಗವೆಲ್ಲ ಬೆಳ್ಳಗೆ ಕಾಣುತ್ತದೆ. ಹೋದ ವಾರದ ಕಲೆಯೂ ಹತ್ತು ವರ್ಷದ ಕಲೆಯೂ ಅಲ್ಲಿ ಒಂದೇ ಬಣ್ಣ. ಹಾಗಾಗಿ 1980ರ ದಶಕದ ಕೊನೆಯಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲೂ ಕೆನಡಾದ ವ್ಯಾಂಕೂವರ್‌ನಲ್ಲೂ ಒಬ್ಬರನ್ನೇ ಕೆಲವು ವಾರಗಳಿಗೊಮ್ಮೆ ಮತ್ತೆ ಮತ್ತೆ ಸ್ಕ್ಯಾನ್ ಮಾಡುವ ಕೆಲಸ ಶುರುವಾಯಿತು. ಹೇಳಿದಷ್ಟು ಸುಲಭದ್ದಲ್ಲ ಅದು. ತಲೆ ಒಂದಿಷ್ಟು ವಾಲಿದರೂ ಸೀಳುನೋಟ ಬೇರೆಯಾಗುತ್ತದೆ, ಹಳೆಯ ಕಲೆಯೇ ಹೊಸ ವೇಷದಲ್ಲಿ ನಿಲ್ಲುತ್ತದೆ. ತಲೆಯನ್ನು ಪ್ರತಿಸಲವೂ ಅದೇ ಕೋನದಲ್ಲಿ ಇರಿಸುವುದೇ ಒಂದು ಸಾಧನೆ. ಅಷ್ಟು ತಾಳ್ಮೆಗೆ ಸಿಕ್ಕ ಫಲ ಎಲ್ಲರನ್ನೂ ಅಲುಗಾಡಿಸಿತು: ರೋಗಿಗೆ ಕೈಕಾಲು ಜೋಮು ಹಿಡಿದೋ ಕಣ್ಣು ಮಂಜಾಗಿಯೋ ಒಂದು ಸಲ ರೋಗ ಮರುಕಳಿಸಿದರೆ, ಅಷ್ಟರಲ್ಲಿ ಮಿದುಳಿನೊಳಗೆ ಐದರಿಂದ ಹತ್ತು ಹೊಸ ಕಲೆಗಳು ಸದ್ದಿಲ್ಲದೆ ಮೂಡಿರುತ್ತವೆ. ಚೆನ್ನಾಗಿದ್ದೇನೆ ಎಂದುಕೊಂಡ ತಿಂಗಳುಗಳಲ್ಲೂ ರೋಗ ಸುಮ್ಮನಿರುವುದಿಲ್ಲ. ಇದೇ ಕಾಲಕ್ಕೆ ಗ್ಯಾಡೋಲಿನಿಯಂ ಚುಚ್ಚುಮದ್ದು ಬಳಕೆಗೆ ಬಂತು. ರಕ್ತ ಮತ್ತು ಮಿದುಳಿನ ನಡುವಣ ತಡೆ ಸಡಿಲವಾದ ಕಡೆ ಅದು ಸೋರಿ ಹೊಳೆಯುತ್ತದೆ. ಆ ಹೊಳಪಿನ ಆಯುಸ್ಸು ಸರಾಸರಿ ಮೂರ್ನಾಲ್ಕು ವಾರ. ಕಲೆಯ ವಯಸ್ಸನ್ನು ಅಂದಾಜು ಮಾಡಲು ಕೊನೆಗೂ ಒಂದು ದಾರಿ ಸಿಕ್ಕಿತು.

1993ರಲ್ಲಿ ಅಮೆರಿಕ ಇಂಟರ್‌ಫೆರಾನ್ ಬೀಟಾ-1ಬಿ ಔಷಧಿಗೆ ಅನುಮತಿ ಕೊಟ್ಟಾಗ ಕಲೆಗಳ ಈ ಎಣಿಕೆಯೂ ಅದರ ಬೆನ್ನಿಗಿತ್ತು. ಔಷಧಿ ಪಡೆದವರಲ್ಲಿ ಕಲೆಗಳ ಬೆಳವಣಿಗೆ ತಗ್ಗಿದ್ದನ್ನು ವ್ಯಾಂಕೂವರ್‌ನ ಡೊನಾಲ್ಡ್ ಪೇಟಿ ಮತ್ತು ಡೇವಿಡ್ ಲಿ ಸ್ಕ್ಯಾನ್‌ಗಳಲ್ಲಿ ತೋರಿಸಿದ್ದರು. ರೋಗನಿರ್ಣಯಕ್ಕೂ ಚಿತ್ರವೇ ಸಾಕ್ಷಿಯಾಯಿತು. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾನಿಯಾಗಿದೆ ಎಂದು ಸಾಬೀತಾಗಬೇಕೆಂಬುದು ಎಂಎಸ್‌ನ ಹಳೆಯ ನಿಯಮ. 2001ರ ಮೆಕ್‌ಡೊನಾಲ್ಡ್ ಮಾನದಂಡಗಳು ಎರಡನೇ ಮರುಕಳಿಕೆಗೆ ಕಾಯುವ ಬದಲು ಹೊಸ ಕಲೆಯನ್ನೇ ಸಾಕ್ಷ್ಯವಾಗಿ ಒಪ್ಪಿದವು. 2010ರ ಪರಿಷ್ಕರಣೆ ಇನ್ನೂ ಮುಂದೆ ಹೋಗಿ, ಹೊಳೆಯುವ ಕಲೆ ಮತ್ತು ಹೊಳೆಯದ ಕಲೆ ಒಂದೇ ಸ್ಕ್ಯಾನ್‌ನಲ್ಲಿದ್ದರೂ ಸಾಕು ಎಂದಿತು.

ಇಷ್ಟಾದರೂ ಕಲೆಗಳ ಲೆಕ್ಕ ಮತ್ತು ಮನುಷ್ಯನ ನಡಿಗೆ ತಾಳೆಯಾಗಲಿಲ್ಲ. ತುಂಬ ಕಲೆಗಳಿರುವವರು ಮೆಟ್ಟಿಲು ಹತ್ತುತ್ತಾರೆ. ಕೆಲವೇ ಇರುವವರು ಕೋಲು ಹಿಡಿಯುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನ ಫ್ರೆಡರಿಕ್ ಬಾರ್ಕಾಫ್ ಈ ವಿರೋಧಾಭಾಸವನ್ನು ಒತ್ತಿ ಹೇಳಿದವರು. ಬೆನ್ನುಹುರಿಯ ಕಲೆಗಳು, ಮಿದುಳಿನ ಹೊರಪದರದಲ್ಲಿ ಸಾಮಾನ್ಯ ಸ್ಕ್ಯಾನ್‌ಗೆ ಸಿಗದವು, ವರ್ಷ ವರ್ಷ ಕುಗ್ಗುವ ಮಿದುಳಿನ ಗಾತ್ರ: ಗಮನ ಇವುಗಳತ್ತ ಹರಿಯಿತು. ಈಚಿನದರಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅಂಚುಗಟ್ಟಿದ ಕಲೆಗಳ ಅಧ್ಯಯನ. ಕಬ್ಬಿಣಾಂಶ ತುಂಬಿದ ಜೀವಕೋಶಗಳು ಕಲೆಯ ಸುತ್ತ ಕಪ್ಪು ಉಂಗುರವಾಗಿ ಕಾಣುತ್ತವೆ. ಒಳಗೆ ಉರಿಯೂತ ವರ್ಷಗಟ್ಟಲೆ ಹೊಗೆಯಾಡುತ್ತಿರುತ್ತದೆ. ಇಂಥವು ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಅಂಗವೈಕಲ್ಯ ಬೇಗ ಕಾಣಿಸಿಕೊಳ್ಳುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಟಿನಾ ಆಬ್ಸಿಂಟಾ, ಡೇನಿಯಲ್ ರೈಕ್ ಮೊದಲಾದವರು 2019ರಲ್ಲಿ ವರದಿ ಮಾಡಿದರು. ಡಾಸನ್ ಕಂಡ ಅಭಿಧಮನಿಯೂ ಮರಳಿ ಬಂದಿದೆ: ಕಲೆಯ ನಟ್ಟನಡುವೆ ಅದರ ಸಣ್ಣ ಗೆರೆ ಕಂಡರೆ ಎಂಎಸ್ ಎನ್ನಲು ಬಲ ಬರುತ್ತದೆ.

ಭಾರತದಲ್ಲಿ ಈ ರೋಗ ಅಪರೂಪ ಎಂದು ಬಹುಕಾಲ ನಂಬಲಾಗಿತ್ತು. ಮಂಗಳೂರು ಪ್ರದೇಶದಲ್ಲಿ ಲೇಖಾ ಪಂಡಿತ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಜನರಲ್ಲಿ ಎಂಎಸ್ ಕಂಡುಬಂತು. ಎಂಆರ್‌ಐ ಊರೂರಿಗೆ ಬಂದದ್ದು ರೋಗ ಹೀಗೆ ಬೆಳಕಿಗೆ ಬರಲು ಒಂದು ಕಾರಣವೆಂದೇ ನನ್ನ ಎಣಿಕೆ.

ಈಗ ಎರಡು ಸ್ಕ್ಯಾನ್‌ಗಳನ್ನು ಕಂಪ್ಯೂಟರೇ ಒಂದರ ಮೇಲೊಂದು ಕೂರಿಸಿ, ಕಳೆದು, ಉಳಿದ ಚುಕ್ಕೆಯನ್ನು ಎತ್ತಿ ತೋರಿಸುತ್ತದೆ. ಮಿದುಳಿನಲ್ಲಿ ಗ್ಯಾಡೋಲಿನಿಯಂ ಉಳಿದುಕೊಳ್ಳುವ ಸೂಚನೆ 2014ರಲ್ಲಿ ಜಪಾನಿನಿಂದ ಬಂದ ಮೇಲೆ ಚುಚ್ಚುಮದ್ದನ್ನು ಮಿತವಾಗಿ ಬಳಸುತ್ತಾರೆ. ಹಾಗಾಗಿ ಹೋಲಿಕೆಯ ಮೇಲಿನ ಭಾರ ಇನ್ನಷ್ಟು ಹೆಚ್ಚಿದೆ. ಆದರೆ ಈ ಕಳೆಯುವ ಲೆಕ್ಕಕ್ಕೆ ಎರಡೂ ಸಲ ಅದೇ ಬಗೆಯ ಯಂತ್ರ, ಅದೇ ದಪ್ಪದ ಸೀಳು ಬೇಕು. ನಮ್ಮಲ್ಲಿ ರೋಗಿ ದರ ನೋಡಿ ಒಮ್ಮೆ ಒಂದು ಸೆಂಟರಿಗೆ, ಇನ್ನೊಮ್ಮೆ ಬೇರೆ ಕಡೆಗೆ ಹೋಗುತ್ತಾರೆ. ಕರಾವಳಿಯ ಎರಡು ಮಳೆಗಾಲ ಕಂಡ ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುವಾಗ ಚಿತ್ರದ ಪದರವೇ ಕಿತ್ತು ಬರುತ್ತದೆ. ಸಿ.ಡಿ. ಕೊಟ್ಟಿದ್ದರೆಂದು ಮನೆಯವರು ನೆನಪಿಸಿಕೊಳ್ಳುತ್ತಾರೆ. ಅದು ಬೀರುವಿನಲ್ಲೇ ಉಳಿದಿದೆ. ವೈದ್ಯರು ಹೊಸ ಚಿತ್ರವೊಂದನ್ನೇ ಎದುರಿಗಿಟ್ಟುಕೊಂಡು ಕೂರುತ್ತಾರೆ.