ಸೇಂಟ್ ಮೇರೀಸ್ ದ್ವೀಪಗಳು
ಉಡುಪಿ ಜಿಲ್ಲೆಯ ಮಲ್ಪೆಯ ಎದುರು ಅರಬ್ಬೀ ಸಮುದ್ರದಲ್ಲಿರುವ ಪುಟ್ಟ ದ್ವೀಪಸಮೂಹ. ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. ಮಂಗಳೂರಿನ ಬೋಳಾರದಲ್ಲಿ ಮಂಗಳಾದೇವಿಯ ದರ್ಶನ ಮುಗಿಸಿ ಬೆಳಿಗ್ಗೆ ಹೊರಟವರು ಸಂಜೆಗೆ ಮರಳಬಹುದು: ಮಲ್ಪೆಗೆ ರಸ್ತೆಯಲ್ಲಿ ಸುಮಾರು 60 ಕಿ.ಮೀ., ಮುಂದೆ ದೋಣಿ. ಇಲ್ಲಿ ನೋಡಬೇಕಾದದ್ದು ಮೊದಲಿಗೆ ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಕುಗ್ಗಿ, ಬಿರಿದು ಹಲವು ಮುಖಗಳ ಕಂಬಗಳಾಗಿ ನಿಂತಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗ್ರೀಸಿನ ಸ್ಯಾಂಟೊರಿನಿಯೂ ಜ್ವಾಲಾಮುಖಿಯ ಕೂಸೇ, ಆದರೆ ಅಲ್ಲಿನಂತೆ ಇಲ್ಲಿ ಊರಿಲ್ಲ, ರಾತ್ರಿ ತಂಗುವಂತಿಲ್ಲ; ಅದೇ ಒಳ್ಳೆಯದು. 1498ರಲ್ಲಿ ವಾಸ್ಕೊ ಡ ಗಾಮ ಇಳಿದು ಹೆಸರಿಟ್ಟನೆಂಬುದು ಐತಿಹ್ಯ. ದಂಡೆಯಲ್ಲಿ ಚಿಪ್ಪುಗಳು ಹೇರಳ. ಬಂಡೆಗಳ ನಡುವೆ ಈಜು ಅಪಾಯಕರ. ಮಳೆಗಾಲದಲ್ಲಿ ದೋಣಿ ಸಂಚಾರವಿರುವುದಿಲ್ಲ.