ಗುಳಿಗೆಯ ಸಂಗಡ ಧೈರ್ಯ



ನಮ್ಮ ಡಫಳಾಪುರ, ಜತ್ತ ಸೀಮೆಯಲ್ಲಿ ದೊಡ್ಡ ಜಡ್ಡು ಬಂದರೆ ಮಿರಜಿನ ದಾರಿ ಹಿಡಿಯುವುದು ಹಳೆಯ ರೂಢಿ. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಮಿಶನ್ ದವಾಖಾನೆ ತೆರೆದರು. ಮುಂದೆ ಕ್ಷಯರೋಗಿಗಳಿಗಾಗಿ ವಾನ್ಲೆಸ್‌ವಾಡಿಯಲ್ಲಿ ಆರೋಗ್ಯಧಾಮವೂ ಆಯಿತು.

ಆಗ ಕ್ಷಯವನ್ನು ವಾಸಿಮಾಡುವ ಔಷಧವಿರಲಿಲ್ಲ. ಶುದ್ಧ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ ಇವೇ ಚಿಕಿತ್ಸೆ. ರೋಗಿಯ ಮೇಲೆ ಎರಡು ಭಾರ: ಒಂದು ರೋಗದ್ದು, ಇನ್ನೊಂದು ಮನೆ ಬಿಟ್ಟದ್ದರದು. ಹೊಲ ಯಾರು ನೋಡುವರು? ಮಕ್ಕಳ ಗತಿ ಏನು? ಈ ಚಿಂತೆಗೆ ಯಾವ ಔಷಧ?

1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಗುಳಿಗೆ ಬಂದಿತು. ಗುಳಿಗೆಯಿಂದಲೇ ಗುಣವಾಗುವುದಾದರೆ ರೋಗಿ ಮನೆ ಬಿಡಬೇಕೇಕೆ ಎಂಬ ಪ್ರಶ್ನೆ ಎದ್ದಿತು. ಇದನ್ನು ಪರೀಕ್ಷಿಸಲು 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ಆರಂಭವಾಯಿತು. ಕೆಲವು ರೋಗಿಗಳನ್ನು ಆರೋಗ್ಯಧಾಮದಲ್ಲಿ, ಕೆಲವರನ್ನು ಅವರವರ ಬಡ ಮನೆಗಳಲ್ಲೇ ಇಟ್ಟು, ಒಂದು ವರ್ಷ ಒಂದೇ ಔಷಧ ಕೊಟ್ಟರು. ಮನೆಯವರಿಗೆ ಊಟ ಕಡಿಮೆ, ಜಾಗ ಇಕ್ಕಟ್ಟು. ಆದರೂ 1959ರಲ್ಲಿ ಫಲ ಪ್ರಕಟವಾದಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಸಮನಾಗಿಯೇ ಗುಣಹೊಂದಿದ್ದರು. ಆದರೆ ಮನೆಯ ರೋಗಿಗಳನ್ನು ಅವರ ಪಾಡಿಗೆ ಬಿಟ್ಟಿರಲಿಲ್ಲ. ಆರೋಗ್ಯ ಸಿಬ್ಬಂದಿ ಮನೆಗೇ ಹೋಗಿ ವಿಚಾರಿಸುತ್ತಿದ್ದರು, ಗುಳಿಗೆ ಎಣಿಸುತ್ತಿದ್ದರು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರಿಗೆ ರೋಗದ ಪರಿವೆಯೇ ಇಲ್ಲ ಎಂಬ ಮಾತು ಆಗ ಇತ್ತು. ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಜನ ಕೆಮ್ಮು, ಜ್ವರಗಳಿಂದ ಚಿಂತೆಗೊಳಗಾಗಿದ್ದರು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆಯನ್ನು ಅರಸಿಕೊಂಡೂ ಹೋಗಿದ್ದರು. ಅಂದರೆ ಚಿಂತೆ ಇತ್ತು. ಅದನ್ನು ಕೂತು ಕೇಳುವವರು ಬೇಕಾಗಿತ್ತು.

ಇಂದು ಸಾಧಾರಣ ಕ್ಷಯಕ್ಕೆ ಆರು ತಿಂಗಳ ಔಷಧ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಕಷ್ಟವೆಲ್ಲ ನಡುದಾರಿಯಲ್ಲಿ. ಎರಡು ತಿಂಗಳಿಗೆ ಕೆಮ್ಮು ನಿಂತರೆ ಗುಣವಾಯಿತೆಂದು ಕೆಲವರು ಗುಳಿಗೆ ಬಿಡುತ್ತಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ನನ್ನ ಲೆಕ್ಕದಲ್ಲಿ ಹೇಳುತ್ತೇನೆ: ನಾಲ್ಕು ಕಂತು ತುಂಬಿದರೆ ಸಾಲ ತೀರಲಿಲ್ಲ. ಉಳಿದ ರೋಗಾಣು ಮತ್ತೆ ಎದ್ದರೆ ಹಳೆಯ ಔಷಧಕ್ಕೆ ಮಣಿಯದಿರಬಹುದು.

ಇನ್ನು ಕೆಲವರು ಬಿಡುವುದು ಅಂಜಿಕೆಯಿಂದ. ರಿಫಾಂಪಿಸಿನ್ ನುಂಗಿದವರ ಮೂತ್ರ ಕೆಂಪು ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಗೊತ್ತಿಲ್ಲದವನು ರಕ್ತವೆಂದೇ ಹೆದರುತ್ತಾನೆ. "ಹೀಗಾಗುವುದುಂಟು, ಅಂಜಬೇಡ" ಎಂದು ಮೊದಲೇ ಹೇಳಿದರೆ ಆ ಭಯವಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಡಾಕ್ಟರರಿಗೆ ತೋರಿಸಬೇಕು. ಈ ಮಾತು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಇರುವ ನಮ್ಮಂಥ ಊರಲ್ಲಿ ಎರಡೂ ಬಲ್ಲವರೊಬ್ಬರು ರೋಗಿಯ ಜೊತೆ ಹೋದರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ.

ನೆರೆಮನೆಯಲ್ಲಿ ಕ್ಷಯರೋಗಿ ಇದ್ದರೆ ಬೇರೆ ಕಣ್ಣಿನಿಂದ ನೋಡಬೇಡಿರಿ. "ಇವತ್ತಿನ ಗುಳಿಗೆ ಆಯ್ತೇನಪ್ಪಾ?" ಎಂದು ಕೇಳಿರಿ. ಮದ್ರಾಸಿನಲ್ಲಿ ಮನೆ ಮನೆಗೆ ಹೋದವರು ಮಾಡಿದ್ದೂ ಇದನ್ನೇ.