ವಿದೇಶಿ ಹಾವು ಮತ್ತಿತರ ಪ್ರಾಣಿಗಳ ಸಾಕಣೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ವಿದೇಶಿ ಮೂಲದ ಗಿಳಿ, ಆಮೆ, ಇಗುವಾನ, ಹಾವು ಮೊದಲಾದ ಪ್ರಾಣಿಗಳನ್ನು ಮನೆಯಲ್ಲಿ ಸಾಕುವ ಹವ್ಯಾಸವು ನಗರಗಳಲ್ಲಿ ಕಂಡುಬರುತ್ತಿದೆ. ಮರಿಯನ್ನು ಕೊಳ್ಳುವುದು ಸುಲಭ. ಅದು ಬೆಳೆದ ಮೇಲೆ ಜೀವಿತಾವಧಿಯುದ್ದಕ್ಕೂ ಪೋಷಿಸುವುದು ಕಷ್ಟಸಾಧ್ಯ. ಸಾಕಲಾಗದೆ ಹೊರಗೆ ಬಿಟ್ಟ ಪ್ರಾಣಿಗಳು ಒಂದು ಪ್ರದೇಶದ ವನ್ಯಸಂಪತ್ತನ್ನೇ ಬರಿದುಮಾಡಬಲ್ಲವು ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ ಬರ್ಮಾ ಹೆಬ್ಬಾವುಗಳು ನಿದರ್ಶನವಾಗಿವೆ. ಸದರಿ ಪ್ರಕರಣದ ವಿವರಗಳನ್ನೂ, ಭಾರತದಲ್ಲಿ ಇಂತಹ ಪ್ರಾಣಿಗಳನ್ನು ಹೊಂದಿರುವವರು ಪಾಲಿಸಬೇಕಾದ ನಿಯಮಗಳನ್ನೂ ಈ ಕೆಳಗೆ ನೀಡಲಾಗಿದೆ.

1. ಬರ್ಮಾ ಹೆಬ್ಬಾವು

ಬರ್ಮಾ ಹೆಬ್ಬಾವಿನ ವೈಜ್ಞಾನಿಕ ಹೆಸರು ಪೈಥಾನ್ ಬೈವಿಟ್ಟಾಟಸ್. ಈಶಾನ್ಯ ಭಾರತ, ಮ್ಯಾನ್ಮಾರ್ ಹಾಗೂ ಆಗ್ನೇಯ ಏಷ್ಯಾದ ದೇಶಗಳು ಇದರ ತವರು. ಇದು ವಿಷರಹಿತ ಹಾವಾಗಿದ್ದು, ಬೇಟೆಯನ್ನು ಸುತ್ತಿ ಬಿಗಿದು ಕೊಂದು ಇಡಿಯಾಗಿ ನುಂಗುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಯು ಸುಮಾರು ಅರ್ಧ ಮೀಟರ್ ಉದ್ದವಿದ್ದು ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸುತ್ತದೆ; ಪ್ರಾಯಕ್ಕೆ ಬಂದ ಹೆಣ್ಣು 5 ಮೀಟರನ್ನೂ ಮೀರಬಹುದು. ಹೆಣ್ಣು ಒಂದು ಸಲಕ್ಕೆ ಹತ್ತಾರು ಮೊಟ್ಟೆಗಳನ್ನಿಟ್ಟು, ಅವುಗಳನ್ನು ಸುತ್ತಿ ಮಲಗಿ, ಸ್ನಾಯುಗಳನ್ನು ಅದುರಿಸಿ ಕಾವು ಕೊಡುತ್ತದೆ.

ತನ್ನ ತವರಿನಲ್ಲಿ ಈ ಹಾವಿನ ಸಂತತಿಯು ಕ್ಷೀಣಿಸುತ್ತಿದ್ದು, ಅಪಾಯಕ್ಕೆ ಈಡಾಗಬಲ್ಲ ಪ್ರಭೇದವೆಂದು ಗುರುತಿಸಲ್ಪಟ್ಟಿದೆ. ಅದೇ ಹಾವು ತನ್ನದಲ್ಲದ ನೆಲದಲ್ಲಿ ಪಿಡುಗಾಗಿ ಪರಿಣಮಿಸಿದೆ.

2. ಫ್ಲಾರಿಡಾದಲ್ಲಿ ಹರಡಿದ ಬಗೆ

ಫ್ಲಾರಿಡಾದ ದಕ್ಷಿಣ ತುದಿಯಲ್ಲಿರುವ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನವು ವಿಸ್ತಾರವಾದ ಜವುಗು ಪ್ರದೇಶ. ಅಲ್ಲಿ ಬರ್ಮಾ ಹೆಬ್ಬಾವು ಮೊದಲು ಕಂಡದ್ದು 1979ರಲ್ಲಿ. ಸಾಕುಪ್ರಾಣಿ ವ್ಯಾಪಾರಕ್ಕಾಗಿ 1996ರಿಂದ 2006ರವರೆಗೆ 90,000ಕ್ಕೂ ಹೆಚ್ಚು ಬರ್ಮಾ ಹೆಬ್ಬಾವುಗಳು ಅಮೆರಿಕಕ್ಕೆ ಆಮದಾದವು. ಹಾವು ಬೆಳೆದಂತೆ ಅದರ ಆಹಾರ, ಜಾಗ ಮತ್ತು ಸುರಕ್ಷತೆಯ ವ್ಯವಸ್ಥೆ ಮಾಡಲಾಗದ ಕೆಲವು ಮಾಲೀಕರು ಅದನ್ನು ಜವುಗಿಗೆ ಬಿಟ್ಟರು. ಕೆಲವು ಹಾವುಗಳು ತಾವೇ ತಪ್ಪಿಸಿಕೊಂಡವು. 1992ರ ಆಗಸ್ಟ್‌ನಲ್ಲಿ ಬೀಸಿದ ಆ್ಯಂಡ್ರ್ಯೂ ಚಂಡಮಾರುತಕ್ಕೆ ಸಿಲುಕಿ ನಾಶವಾದ ಸಾಕಣೆ ಕೇಂದ್ರದಿಂದಲೇ ಎಲ್ಲ ಹಾವುಗಳು ಬಂದವೆಂಬ ಮಾತು ಪ್ರಚಲಿತವಿದೆ. ಆದರೆ ಅದಕ್ಕೂ ಮುನ್ನವೇ ಅವು ಅಲ್ಲಿದ್ದವು. 2000ರಲ್ಲಿ, ಹಾವುಗಳು ಅಲ್ಲಿಯೇ ಸಂತಾನ ಬೆಳೆಸುತ್ತಿವೆ ಎಂಬುದನ್ನು ಅಧಿಕೃತವಾಗಿ ಗುರುತಿಸಲಾಯಿತು.

ಮೊದಲ ಹಾವು ಕಂಡ ವರ್ಷಕ್ಕೂ ಸಮಸ್ಯೆಯನ್ನು ಗುರುತಿಸಿದ ವರ್ಷಕ್ಕೂ ನಡುವೆ ಎರಡು ದಶಕಗಳ ಅಂತರವಿರುವುದು ಗಮನಾರ್ಹ.

3. ವನ್ಯಜೀವಿಗಳ ಮೇಲಾದ ಪರಿಣಾಮ

ಉದ್ಯಾನದ ರಸ್ತೆಗಳಲ್ಲಿ ರಾತ್ರಿ ವೇಳೆ ವಾಹನದಲ್ಲಿ ಸಾಗುತ್ತ ಪ್ರಾಣಿಗಳನ್ನು ಎಣಿಸುವ ಸಮೀಕ್ಷೆಯನ್ನು 2003ರಿಂದ 2011ರವರೆಗೆ ನಡೆಸಲಾಯಿತು. ಸುಮಾರು 57,000 ಕಿ.ಮೀ. ಕ್ರಮಿಸಿದ ಈ ಸಮೀಕ್ಷೆಯನ್ನು 1996 ಮತ್ತು 1997ರ ಎಣಿಕೆಯೊಂದಿಗೆ ಹೋಲಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಹೀಗಿವೆ:

ಅ) ರಕೂನ್‌ಗಳು ಕಂಡ ಪ್ರಮಾಣದಲ್ಲಿ ಶೇ. 99.3ರಷ್ಟು ಇಳಿಕೆ.
ಆ) ಹೊಟ್ಟೆಚೀಲದ ಪ್ರಾಣಿಯಾದ ಅಪಾಸಮ್‌ಗಳಲ್ಲಿ ಶೇ. 98.9ರಷ್ಟು ಇಳಿಕೆ.
ಇ) ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳಲ್ಲಿ ಶೇ. 87.5ರಷ್ಟು ಇಳಿಕೆ.
ಈ) ಮೊಲ ಮತ್ತು ನರಿಗಳು ಸಮೀಕ್ಷೆಯಲ್ಲಿ ಕಾಣಸಿಗಲೇ ಇಲ್ಲ.

ಇದನ್ನು ಪರೀಕ್ಷಿಸಲು ಜವುಗು ಮೊಲಗಳಿಗೆ ರೇಡಿಯೋ ಪಟ್ಟಿ ತೊಡಿಸಿ ಉದ್ಯಾನದೊಳಗೆ ಬಿಟ್ಟು ಗಮನಿಸಲಾಯಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ಉದ್ಯಾನದಲ್ಲಿ ಸತ್ತ ಮೊಲಗಳ ಪೈಕಿ ಶೇ. 77ರಷ್ಟು ಹೆಬ್ಬಾವಿಗೆ ಆಹಾರವಾಗಿದ್ದವು. ಇದಲ್ಲದೆ, ಹೆಬ್ಬಾವುಗಳೊಂದಿಗೆ ಏಷ್ಯಾದಿಂದ ಬಂದ ಶ್ವಾಸಕೋಶದ ಪರೋಪಜೀವಿಯೊಂದು ಫ್ಲಾರಿಡಾದ ಸ್ಥಳೀಯ ಹಾವುಗಳಿಗೂ ತಗಲಿದೆ.

4. ನಿಯಂತ್ರಣ ಕ್ರಮಗಳು ಮತ್ತು ಅವುಗಳ ಮಿತಿ

ಫ್ಲಾರಿಡಾ ರಾಜ್ಯವು 2008ರಲ್ಲಿ ಈ ಹಾವಿಗೆ ಪರವಾನಗಿ ಕಡ್ಡಾಯಗೊಳಿಸಿ, 2010ರಲ್ಲಿ ಮನೆಯಲ್ಲಿ ಸಾಕಲು ಹೊಸದಾಗಿ ಪಡೆಯುವುದನ್ನು ನಿಷೇಧಿಸಿತು. ಅಮೆರಿಕದ ಕೇಂದ್ರ ಸರ್ಕಾರವು 2012ರಲ್ಲಿ ಆಮದನ್ನು ತಡೆಯಿತು. 2013ರಲ್ಲಿ ಹಾವು ಹಿಡಿಯುವ ಸಾರ್ವಜನಿಕ ಸ್ಪರ್ಧೆ ಆರಂಭವಾಯಿತು. 2017ರಿಂದ ವೇತನ ನೀಡಿ ಹಾವು ಹಿಡಿಯುವವರನ್ನು ನೇಮಿಸಲಾಗಿದೆ. 2000ದಿಂದೀಚೆಗೆ 23,000ಕ್ಕೂ ಹೆಚ್ಚು ಹೆಬ್ಬಾವುಗಳನ್ನು ತೆಗೆಯಲಾಗಿದೆ. 2022ರಲ್ಲಿ ವರದಿಯಾದ ಒಂದು ಹೆಣ್ಣು ಹಾವು ಸುಮಾರು 98 ಕೆ.ಜಿ. ತೂಗುತ್ತಿದ್ದು, ಅದರ ಹೊಟ್ಟೆಯಲ್ಲಿ 122 ಮೊಟ್ಟೆಗಳು ಬೆಳೆಯುತ್ತಿದ್ದವು.

ಇಷ್ಟಾದರೂ ಸಮಸ್ಯೆ ಬಗೆಹರಿದಿಲ್ಲ. ಹುಲ್ಲು ಮತ್ತು ನೀರಿನ ನಡುವೆ ಈ ಹಾವಿನ ಮೈಬಣ್ಣವು ಬೆರೆತುಹೋಗುವುದರಿಂದ, ಸಮೀಪದಲ್ಲಿರುವ ನೂರು ಹಾವುಗಳಲ್ಲಿ ಒಂದು ಕಣ್ಣಿಗೆ ಬೀಳುವುದೂ ಕಷ್ಟ. 2010ರ ಜನವರಿಯ ತೀವ್ರ ಚಳಿಗೆ ಅನೇಕ ಹಾವುಗಳು ಸತ್ತರೂ ಸಂತತಿ ಉಳಿದುಕೊಂಡಿತು. ಲಭ್ಯವಿರುವ ಉಪಾಯಗಳಿಂದ ಇಡೀ ಪ್ರದೇಶದಲ್ಲಿ ಇವುಗಳ ನಿರ್ಮೂಲನೆ ಸಾಧ್ಯವಿಲ್ಲವೆಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ 2023ರ ಸಮಗ್ರ ವರದಿ ತಿಳಿಸುತ್ತದೆ. ಹೊರಗೆ ಬಿಟ್ಟ ಪ್ರಾಣಿಯನ್ನು ಮರಳಿ ಪಡೆಯಲಾಗದು ಎಂಬುದೇ ಇದರಿಂದ ತಿಳಿಯತಕ್ಕ ಮುಖ್ಯ ಪಾಠ.

ಸಾಕಲಾಗದವರು ದಂಡದ ಭಯವಿಲ್ಲದೆ ಪ್ರಾಣಿಯನ್ನು ಒಪ್ಪಿಸಲು ಫ್ಲಾರಿಡಾದಲ್ಲಿ 2006ರಿಂದ ಕ್ಷಮಾದಾನ ಯೋಜನೆಯೂ ಜಾರಿಯಲ್ಲಿದೆ. ಒಪ್ಪಿಸಿದ ಪ್ರಾಣಿಗಳನ್ನು ಅರ್ಹರಾದ ಬೇರೆ ಪೋಷಕರಿಗೆ ನೀಡಲಾಗುತ್ತದೆ.

5. ಕರ್ನಾಟಕಕ್ಕೆ ಸಂಬಂಧಿಸಿದ ಅಂಶಗಳು

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನುಗಳಲ್ಲಿ ಅಕ್ರಮವಾಗಿ ತಂದ ಪ್ರಾಣಿಗಳು ಪದೇ ಪದೇ ಪತ್ತೆಯಾಗಿವೆ. 2023ರ ಆಗಸ್ಟ್‌ನಲ್ಲಿ ಸುಂಕ ಅಧಿಕಾರಿಗಳು ಹೆಬ್ಬಾವು, ಇಗುವಾನ, ಆಮೆ ಮೊದಲಾದ 234 ಪ್ರಾಣಿಗಳನ್ನು ವಶಪಡಿಸಿಕೊಂಡರು. ಅವುಗಳೊಂದಿಗಿದ್ದ ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 10 ಹಳದಿ ಅನಕೊಂಡ ಹಾವುಗಳು ಸಿಕ್ಕವು.

ಕರ್ನಾಟಕದ ಕಾಡು, ಕುರುಚಲು ಮತ್ತು ಹೊಲಗದ್ದೆಗಳಲ್ಲಿ ಕಾಣುವ ಹೆಬ್ಬಾವು ಬೇರೊಂದು ಪ್ರಭೇದ. ಅದು ಭಾರತದ ಹೆಬ್ಬಾವು, ಅಂದರೆ ಪೈಥಾನ್ ಮೊಲ್ಯೂರಸ್. ಇಲಿ, ಹೆಗ್ಗಣಗಳನ್ನು ತಿಂದು ರೈತನಿಗೆ ನೆರವಾಗುವ ಈ ಹಾವು ಇಲ್ಲಿನ ನೆಲಕ್ಕೇ ಸೇರಿದ್ದು, ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿ 1ರಲ್ಲಿದೆ. ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಥವಾ ಕೊಲ್ಲುವುದು ಅಪರಾಧ. 3ರಿಂದ 7 ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಫ್ಲಾರಿಡಾದಲ್ಲಿ ಪರೀಕ್ಷಿಸಿದ 400 ಹಾವುಗಳ ಪೈಕಿ 13ರಲ್ಲಿ ಭಾರತದ ಹೆಬ್ಬಾವಿನ ಆನುವಂಶಿಕ ಗುರುತುಗಳು ಪತ್ತೆಯಾದವು. ಎರಡೂ ಪ್ರಭೇದಗಳು ಬೆರೆಯಬಲ್ಲವು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಆದ್ದರಿಂದ ಸಾಕಿದ ಬರ್ಮಾ ಹೆಬ್ಬಾವನ್ನು ಇಲ್ಲಿನ ಕಾಡಿಗೆ ಬಿಟ್ಟರೆ ಸ್ಥಳೀಯ ಹೆಬ್ಬಾವಿನ ತಳಿಗೂ ಧಕ್ಕೆಯಾಗಬಹುದು.

6. ಕಾನೂನು ಮತ್ತು ನೋಂದಣಿ

2022ರ ತಿದ್ದುಪಡಿಯ ಮೂಲಕ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಭೇದಗಳನ್ನು ವನ್ಯಜೀವಿ ಕಾಯ್ದೆಯ ಅನುಸೂಚಿ 4ರಲ್ಲಿ ಸೇರಿಸಲಾಗಿದೆ. ಈ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಬಾಲ್ ಪೈಥಾನ್, ಹಳದಿ ಅನಕೊಂಡ, ಹಸಿರು ಇಗುವಾನ, ಆಫ್ರಿಕಾದ ಬೂದು ಗಿಳಿ ಮೊದಲಾದವು ಈ ಪಟ್ಟಿಗಳಲ್ಲಿವೆ.

ಅ) ಕಾಯ್ದೆಯ ಕಲಂ 49ಎಂ ಅನ್ವಯ, ಅನುಸೂಚಿ 4ರ ಜೀವಂತ ಪ್ರಾಣಿಯನ್ನು ಹೊಂದಿರುವವರು ಅದನ್ನು ನೋಂದಾಯಿಸತಕ್ಕದ್ದು.
ಆ) 2024ರ ಫೆಬ್ರವರಿಯಲ್ಲಿ ಪ್ರಕಟಿಸಲಾದ ನಿಯಮಗಳಂತೆ, ಪ್ರಾಣಿಯು ಸ್ವಾಧೀನಕ್ಕೆ ಬಂದ 30 ದಿನಗಳೊಳಗೆ ಪರಿವೇಷ್ 2.0 ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸಬೇಕು. ಮೊದಲಿನಿಂದಲೇ ಹೊಂದಿದ್ದವರಿಗೆ ನೀಡಿದ್ದ 6 ತಿಂಗಳ ಕಾಲಾವಕಾಶವು 2024ರ ಆಗಸ್ಟ್‌ನಲ್ಲಿ ಮುಗಿದಿದೆ.
ಇ) ಪ್ರಾಣಿಯನ್ನು ಬೇರೆಯವರಿಗೆ ವರ್ಗಾಯಿಸಿದಾಗ, ಮರಿ ಹುಟ್ಟಿದಾಗ ಅಥವಾ ಪ್ರಾಣಿ ಸತ್ತಾಗಲೂ ವರದಿ ಮಾಡತಕ್ಕದ್ದು.
ಈ) ಅನುಸೂಚಿ 4ರ ಮೊದಲನೆಯ ಪಟ್ಟಿಯಲ್ಲಿರುವ ಪ್ರಾಣಿಗಳ ಸಂತಾನಾಭಿವೃದ್ಧಿ ಮಾಡಲು ಪ್ರತ್ಯೇಕ ಪರವಾನಗಿ ಅಗತ್ಯ.
ಉ) ಕಲಂ 62ಎ ಅನ್ವಯ, ಆಕ್ರಮಣಕಾರಿ ವಿದೇಶಿ ಪ್ರಭೇದಗಳ ಆಮದು, ವ್ಯಾಪಾರ ಮತ್ತು ಸ್ವಾಧೀನವನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ.

ಪ್ರಾಣಿಯು ಯಾರ ಬಳಿ ಇದೆ, ಎಲ್ಲಿಂದ ಬಂತು, ಮುಂದೇನಾಯಿತು ಎಂಬ ದಾಖಲೆ ಇದ್ದಲ್ಲಿ ಅದನ್ನು ಗುಟ್ಟಾಗಿ ಹೊರಗೆ ಬಿಡಲು ಅವಕಾಶ ಕಡಿಮೆಯಾಗುತ್ತದೆ. ಇದೇ ನೋಂದಣಿಯಿಂದಾಗುವ ಮುಖ್ಯ ಪ್ರಯೋಜನ.

7. ಪಾಲಿಸಬೇಕಾದ ಸೂಚನೆಗಳು

1) ಕೊಳ್ಳುವ ಮುನ್ನ ಪ್ರಾಣಿಯ ಪ್ರಭೇದ, ಪೂರ್ಣ ಬೆಳವಣಿಗೆಯ ಗಾತ್ರ, ಆಯಸ್ಸು ಮತ್ತು ಕಾನೂನಿನ ಸ್ಥಿತಿಯನ್ನು ತಿಳಿದುಕೊಳ್ಳುವುದು. ಹೆಬ್ಬಾವುಗಳು 20 ವರ್ಷಕ್ಕೂ ಮೀರಿ ಬದುಕಬಲ್ಲವು.
2) ಖರೀದಿಯ ರಸೀದಿ ಮತ್ತು ಆಮದು ದಾಖಲೆಗಳಿಲ್ಲದ ಪ್ರಾಣಿಯನ್ನು ಕೊಳ್ಳದಿರುವುದು, ದಾಖಲೆಗಳನ್ನು ಜೋಪಾನವಾಗಿಡುವುದು.
3) ಗೂಡು ಅಥವಾ ಪೆಟ್ಟಿಗೆಗೆ ಭದ್ರವಾದ ಬೀಗವಿರುವಂತೆ ನೋಡಿಕೊಳ್ಳುವುದು.
4) ಯಾವುದೇ ಕಾರಣಕ್ಕೂ ಪ್ರಾಣಿಯನ್ನು ಕೆರೆ, ಕಾಲುವೆ, ದೇವಸ್ಥಾನದ ಕಲ್ಯಾಣಿ, ಉದ್ಯಾನ ಅಥವಾ ಕಾಡಿಗೆ ಬಿಡದಿರುವುದು. ಪುಣ್ಯಕಾರ್ಯವೆಂದು ಭಾವಿಸಿ ಬಿಟ್ಟ ಪ್ರಾಣಿಯೂ ಹಸಿವು ಮತ್ತು ರೋಗಗಳಿಂದ ಸಾಯಬಹುದು, ಇಲ್ಲವೇ ಸ್ಥಳೀಯ ಜೀವಿಗಳಿಗೆ ಕಂಟಕವಾಗಬಹುದು.
5) ಸಾಕಲು ಅಸಾಧ್ಯವಾದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.
6) ಪ್ರಾಣಿಯು ತಪ್ಪಿಸಿಕೊಂಡಲ್ಲಿ ಮರೆಮಾಚದೆ ಅದೇ ದಿನ ತಿಳಿಸುವುದು. ಮೊದಲ ಕೆಲವು ದಿನಗಳಲ್ಲಿ ಹುಡುಕಾಟ ನಡೆದರೆ ಸಿಗುವ ಸಂಭವ ಹೆಚ್ಚು.

ಅಪರಿಚಿತವಾದ ದೊಡ್ಡ ಹಾವು ಕಂಡುಬಂದಲ್ಲಿ ಸಾರ್ವಜನಿಕರು ಅದನ್ನು ಹಿಡಿಯಲು ಅಥವಾ ಕೊಲ್ಲಲು ಮುಂದಾಗಬಾರದು. ಅದು ಸಂರಕ್ಷಿತ ಸ್ಥಳೀಯ ಹೆಬ್ಬಾವೇ ಆಗಿರುವ ಸಂಭವ ಹೆಚ್ಚು. ಸುರಕ್ಷಿತ ದೂರದಲ್ಲಿ ನಿಂತು, ಸಾಧ್ಯವಾದಲ್ಲಿ ಛಾಯಾಚಿತ್ರ ತೆಗೆದು, ಸ್ಥಳದ ವಿವರದೊಂದಿಗೆ ಅರಣ್ಯ ಇಲಾಖೆಯ ಸಮೀಪದ ಕಚೇರಿಗೆ ತಿಳಿಸಲು ಕೋರಲಾಗಿದೆ.